ಪಕ್ಕದವನ ಎದೆಬಡಿತ

"ಇಂಜಿನಿಯರ್ರೇ, ನನ್ನ ಎದೆ ನಿಮಿಷಕ್ಕೆ ನೂರಾ ಅರವತ್ನಾಲ್ಕು ಸಲ ಹೊಡ್ಕೊಳ್ತಿದೆಯಂತೆ. ಎಲ್‌ಐಸಿ ಕಾಗದ ಎಲ್ಲಿದೆ ಅಂತ ಮನೆಯವಳಿಗೆ ಹೇಳಿಬಿಡ್ಲಾ?"

ಕಾಂಪೌಂಡು ಗೋಡೆಯಾಚೆಯಿಂದ ಹೀಗೆ ಕೇಳಿದವರು ನಮ್ಮ ಪಕ್ಕದ ಮನೆಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈ ಗೋಡೆಯ ಮೇಲೆ. ಸಾಯುವ ಮನುಷ್ಯ ಅಷ್ಟು ಸಾವಕಾಶವಾಗಿ ಕಾಫಿ ಆರಿಸಿಕೊಂಡು ಕುಡಿಯುವುದಿಲ್ಲವಾದ್ದರಿಂದ ನಾನೂ ಗಾಬರಿಯಾಗಲಿಲ್ಲ.

ನಡೆದದ್ದಿಷ್ಟು. ಮೊಮ್ಮಗನ ಒತ್ತಾಯಕ್ಕೆ ಮೇಷ್ಟ್ರು ಬಡಾವಣೆಯ ಜಿಮ್ಮಿಗೆ ಸೇರಿದ್ದಾರೆ. ಬೆಳಿಗ್ಗೆ ಒಂದು ಹಳೇ ಟ್ರೆಡ್‌ಮಿಲ್ಲಿನ ಮೇಲೆ ದೇವರ ಪ್ರದಕ್ಷಿಣೆಯ ವೇಗದಲ್ಲಿ ನಡೆಯುತ್ತಿದ್ದಾಗ ಎದುರಿನ ಪರದೆಯ ಮೇಲೆ ಕೆಂಪು ಹೃದಯದ ಚಿತ್ರ ಮಿನುಗಿ 164 ಅಂತ ಬಂದಿದೆ. ಅಲ್ಲಿದ್ದ ಹುಡುಗ ಓಡಿಬಂದು ಯಂತ್ರ ನಿಲ್ಲಿಸಿ, ಇವರನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕುಡಿಸಿ ಮನೆಗೆ ಕಳಿಸಿದ್ದಾನೆ. ದಾರಿಯಲ್ಲಿ ಡಾಕ್ಟರು ನಾಡಿ ಹಿಡಿದು ನೋಡಿದರೆ 78.

"ಪಕ್ಕದ ಟ್ರೆಡ್‌ಮಿಲ್ಲಿನಲ್ಲಿ ಯಾರಿದ್ರು?"

"ಯಾವನೋ ಒಬ್ಬ ಹುಡುಗ. ಹುಲಿ ಅಟ್ಟಿಸ್ಕೊಂಡು ಬಂದ ಹಾಗೆ ಓಡ್ತಿದ್ದ."

"ಎದೆಗೆ ಪಟ್ಟಿ ಕಟ್ಟಿದ್ನಾ?"

"ಒದ್ದೆ ಬನಿಯನ್ನೊಳಗೆ ಏನೋ ಕಪ್ಪಗೆ ಕಾಣ್ತಿತ್ತಪ್ಪ."

"ಹಾಗಾದ್ರೆ ನೀವು ನೋಡಿದ್ದು ಅವನ ಹೃದಯ, ಮೇಷ್ಟ್ರೇ."

ಒಳಗಿನಿಂದ ಅವರ ಮನೆಯವರ ದನಿ ಬಂತು: "ಪಕ್ಕದವರ ವಿಚಾರ ಇವರಿಗೆ ಮೊದಲಿಂದ್ಲೂ ಜಾಸ್ತಿ."

ಮೇಷ್ಟ್ರ ಮೇಲೆ ಹೊರಿಸಿದ ಈ ಆರೋಪ ನಿಜವಿರಬಹುದು; ಈ ಪ್ರಸಂಗದಲ್ಲಿ ಮಾತ್ರ ತಪ್ಪು ಅವರದಲ್ಲ, ಟ್ರೆಡ್‌ಮಿಲ್ಲಿನದು. ಅದರ ಹಿಂದೆ ಫಿನ್ಲೆಂಡಿನ ಕತೆಯೊಂದಿದೆ. ಅಲ್ಲಿನ ಕೆಂಪೆಲೆ ಎಂಬ ಊರಿನಲ್ಲಿ ಸೆಪ್ಪೊ ಸೈನಾಯಕಾಂಗಸ್ ಎಂಬುವರು 1977ರಲ್ಲಿ ಪೋಲಾರ್ ಎಂಬ ಕಂಪನಿ ಶುರುಮಾಡಿದರು. ಹಿಮದಲ್ಲಿ ಸ್ಕೀ ಓಡುವವರ ಎದೆಬಡಿತವನ್ನು ಓಡುತ್ತಿರುವಾಗಲೇ ಅಳೆಯಬೇಕೆಂಬುದು ಅವರ ಹಟ. 1982ರಲ್ಲಿ ತಂತಿಯಿಲ್ಲದ ಮೊದಲ ಯಂತ್ರ ಮಾರುಕಟ್ಟೆಗೆ ಬಂತು: ಎದೆಗೊಂದು ಪಟ್ಟಿ, ಮಣಿಕಟ್ಟಿಗೊಂದು ಗಡಿಯಾರ. ಪಟ್ಟಿಯೊಳಗಿನ ಸುರುಳಿ ಪ್ರತಿ ಬಡಿತಕ್ಕೂ ಸುಮಾರು 5 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರವನ್ನು ಒಂದು ಕ್ಷಣ ಎಬ್ಬಿಸಿ ಸುಮ್ಮನಾಗುತ್ತಿತ್ತು. ಗಡಿಯಾರ ಆ ಸದ್ದುಗಳನ್ನು ಎಣಿಸುತ್ತಿತ್ತು. ಅಷ್ಟೇ. ಸದ್ದಿನಲ್ಲಿ ಯಾರ ಹೆಸರೂ ಇಲ್ಲ, ವಿಳಾಸವೂ ಇಲ್ಲ. ಒಂದು ಮೀಟರಿನೊಳಗೆ ಯಾವ ಪಟ್ಟಿ ಸದ್ದು ಮಾಡಿದರೂ ಗಡಿಯಾರಕ್ಕೆ ಅದು ತನ್ನದೇ.

ಒಬ್ಬನೇ ಓಡುವವನಿಗೆ ಇದರಿಂದ ತೊಂದರೆಯಿಲ್ಲ. ಇಬ್ಬರು ಜೊತೆಯಾಗಿ ಓಡಿದರೆ ಒಬ್ಬನ ಬಡಿತ ಇನ್ನೊಬ್ಬನ ಗಡಿಯಾರಕ್ಕೆ ಬೀಳುತ್ತಿತ್ತು, ಕೆಲವೊಮ್ಮೆ ಎರಡೂ ಸೇರಿ ಯಾವ ಮನುಷ್ಯನಿಗೂ ಸಾಧ್ಯವಿಲ್ಲದ ಸಂಖ್ಯೆ ಬರುತ್ತಿತ್ತು. ಪಕ್ಕದವರಿಂದ ಒಂದು ಮೀಟರು ದೂರವಿರಿ, ಹೈಟೆನ್ಷನ್ ತಂತಿಗಳ ಕೆಳಗೆ, ಟ್ರಾಮಿನ ತಂತಿಗಳ ಹತ್ತಿರ, ಕಾರಿನ ಇಂಜಿನ್ನಿನ ಬಳಿ ಓದಿಕೆ ತಪ್ಪಬಹುದು ಎಂದು ಕಂಪನಿಯ ಕೈಪಿಡಿಗಳೇ ಹೇಳುತ್ತಿದ್ದವು. ಕಾಂತಕ್ಷೇತ್ರದ ಒಂದು ಪುಣ್ಯವೆಂದರೆ ಅದು ಬೇಗ ಸಾಯುತ್ತದೆ. ದೂರ ಎರಡರಷ್ಟಾದರೆ ಬಲ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ದೂರ ನಿಲ್ಲುವುದೇ ಮದ್ದು. ಮುಂದೆ ಪೋಲಾರ್‌ನವರು ಸದ್ದಿಗೊಂದು ಸಂಕೇತ ಸೇರಿಸಿದರು, ಗಡಿಯಾರ ತನ್ನ ಪಟ್ಟಿಯ ಸಂಕೇತವನ್ನು ಹಿಡಿದುಕೊಂಡು ಉಳಿದದ್ದನ್ನು ಬಿಡುವಂತಾಯಿತು. ಆದರೆ ಜಿಮ್ಮುಗಳಲ್ಲಿ ಯಾರ ಪಟ್ಟಿ ಬಂದರೂ ಟ್ರೆಡ್‌ಮಿಲ್ ಓದಬೇಕಲ್ಲ, ಅದಕ್ಕಾಗಿ ಹಳೆಯ ಅನಾಮಧೇಯ ಸದ್ದೇ ಅಲ್ಲಿ ಉಳಿದುಕೊಂಡಿತು. ಮೇಷ್ಟ್ರು ಬಲಿಯಾದದ್ದು ಅದಕ್ಕೆ.

"ಅದು ಹಳೇ ಕತೆ ಬಿಡಿ. ಈಗ ಎಲ್ಲರ ಕೈಲೂ ಬ್ಲೂಟೂತ್ ಗಡಿಯಾರ ಇದೆಯಲ್ಲ," ಅಂದರು ಮೇಷ್ಟ್ರು.

ಇದೆ. ಬ್ಲೂಟೂತ್‌ನಲ್ಲಿ ಪ್ರತಿ ಜೋಡಿಗೂ ತನ್ನದೇ 32 ಬಿಟ್ಟಿನ ಗುರುತು ಇರುತ್ತದೆ, ಪಕ್ಕದವನ ಬಡಿತ ನಮ್ಮ ಪರದೆಗೆ ಬರುವುದಿಲ್ಲ. ಹಾಗಂತ ಜಗಳ ಮುಗಿದಿಲ್ಲ, ಅದರ ಬಗೆ ಬದಲಾಗಿದೆ. ಹಿಂದೆ ಪಕ್ಕದವನ ಹೃದಯ ಕೇಳಿಸುತ್ತಿತ್ತು. ಈಗ ಇಬ್ಬರೂ ಒಂದೇ ಗಳಿಗೆಯಲ್ಲಿ ಒಂದೇ ಫ್ರೀಕ್ವೆನ್ಸಿಯಲ್ಲಿ ಮಾತಾಡಿದರೆ ನಮ್ಮದೇ ನಮಗೆ ಕೇಳಿಸುವುದಿಲ್ಲ. ಕೇಳಿಸದ ಮಾತಿನ ತುಣುಕನ್ನು, ಅಂದರೆ ಪ್ಯಾಕೆಟ್ಟನ್ನು, ಮತ್ತೆ ಕಳಿಸಬೇಕು. ಮತ್ತೆ ಮತ್ತೆ ಕಳಿಸಿದರೆ ಎದೆಪಟ್ಟಿಯ ಬಟನ್ ಸೆಲ್ ಬೇಗ ಖಾಲಿ. ನಾಣ್ಯದಷ್ಟಗಲದ ಆ ಸೆಲ್ಲಿನೊಳಗೆ ಇರುವುದೇ ಸುಮಾರು 220 ಮಿಲಿಆಂಪ್-ಅವರ್. ಫೋನಿನಂತೆ ರಾತ್ರಿ ಚಾರ್ಜಿಗೆ ಹಾಕುವ ಮಾಲಲ್ಲ ಅದು.

ಈಗ ಒಬ್ಬೊಬ್ಬರ ಮೈಮೇಲೂ ಒಂದೊಂದು ಪುಟ್ಟ ಆಕಾಶವಾಣಿ ಕೇಂದ್ರ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಶುರುಮಾಡಿದಾಗ ಮೈಸೂರಿನ ಆಕಾಶದಲ್ಲಿ ಅವರದೊಂದೇ ದನಿ. ಈಗ ಕುಕ್ಕರಹಳ್ಳಿ ಕೆರೆ ಸುತ್ತುವ ಒಬ್ಬ ಮನುಷ್ಯನನ್ನು ಎಣಿಸಿ ನೋಡಿ: ಕೈಗೆ ಗಡಿಯಾರ, ಕಿವಿಗೆ ಎರಡು ಇಯರ್‌ಬಡ್, ಎದೆಗೆ ಪಟ್ಟಿ, ತೋಳಿಗೆ ಸಕ್ಕರೆ ಅಳೆಯುವ ಬಿಲ್ಲೆ, ಜೇಬಿನಲ್ಲಿ ಫೋನು. ಈ ಫೋನೇ ಯಜಮಾನ, ಉಳಿದವೆಲ್ಲ ಅದಕ್ಕೆ ವರದಿ ಒಪ್ಪಿಸುವ ಗುಮಾಸ್ತರು. ಇಂಥ ಸಂಸಾರಕ್ಕೆ ಇಂಜಿನಿಯರುಗಳು ಬಾಡಿ ಏರಿಯಾ ನೆಟ್‌ವರ್ಕ್ ಅನ್ನುತ್ತಾರೆ. ಒಂದು ಮೈಯೊಳಗಿನ ಜಗಳ ದೊಡ್ಡದಲ್ಲ. ನೀನು ಮೊದಲು, ಆಮೇಲೆ ನೀನು ಅಂತ ಯಜಮಾನ ಸಾಲು ಹಚ್ಚುತ್ತಾನೆ. ಕಷ್ಟವಿರುವುದು ಒಂದು ಮೈಗೂ ಇನ್ನೊಂದು ಮೈಗೂ ನಡುವೆ. ಅಲ್ಲಿ ಇಬ್ಬರು ಯಜಮಾನರು, ಒಬ್ಬರ ಗುರುತು ಇನ್ನೊಬ್ಬರಿಗಿಲ್ಲ, ಮೇಲೊಬ್ಬ ದೊಡ್ಡ ಯಜಮಾನನೂ ಇಲ್ಲ. ಮೊಬೈಲಿಗಾದರೆ ಟವರ್ ಇದೆ, ಪಂಚಾಯ್ತಿ ಮಾಡಲು.

ಇವೆಲ್ಲ ಸೇರಿರುವ ಜಾಗವೂ ಅಂಥದ್ದೇ. 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿ ಒಂದು ಗೋಮಾಳ. 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತಾರಾಷ್ಟ್ರೀಯ ಸಭೆ ಈ ಸುತ್ತಿನ ಜಾಗವನ್ನು ಕೈಗಾರಿಕೆ, ವಿಜ್ಞಾನ, ವೈದ್ಯಕೀಯದ ಯಂತ್ರಗಳಿಗೆಂದು ಬಿಟ್ಟಿತು. ಮೈಕ್ರೋವೇವ್ ಒಲೆ ಅನ್ನ ಬಿಸಿಮಾಡುವುದೂ 2450ರಲ್ಲೇ. ಒಲೆಗಳ ಸದ್ದು ತುಂಬಿದ ಆ ಜಾಗಕ್ಕೆ ಮರ್ಯಾದಸ್ಥ ರೇಡಿಯೋಗಳು ಕಾಲಿಡುತ್ತಿರಲಿಲ್ಲ. ಅಮೆರಿಕದವರು 1985ರಲ್ಲಿ ಲೈಸೆನ್ಸಿಲ್ಲದ ರೇಡಿಯೋಗಳಿಗೂ ಬಾಗಿಲು ತೆರೆದರು, ನಮ್ಮಲ್ಲಿ 2005ರಲ್ಲಿ ಲೈಸೆನ್ಸಿನ ಗೊಡವೆ ತಪ್ಪಿತು. ಅಲ್ಲಿಂದ ವೈಫೈ, ಬ್ಲೂಟೂತ್, ಮಕ್ಕಳ ಆಟಿಕೆ, ಬಾಗಿಲ ಕ್ಯಾಮೆರಾ ಎಲ್ಲವೂ ಅಲ್ಲೇ ಬಿಡಾರ ಹೂಡಿವೆ. ವೈಫೈ ರೂಟರಿನ ದನಿ ಸುಮಾರು 100 ಮಿಲಿವಾಟ್. ಗಡಿಯಾರದ್ದು ಸಾಮಾನ್ಯವಾಗಿ 1 ಮಿಲಿವಾಟ್.

ಅದರ ಮೇಲೆ ನಮ್ಮ ಮೈ ಬೇರೆ. ಮೈ ಅಂದರೆ ಬಹುಪಾಲು ಉಪ್ಪುನೀರು, ಈ ತರಂಗಗಳನ್ನು ಕುಡಿದುಬಿಡುತ್ತದೆ. ಎಡಗೈ ಗಡಿಯಾರದ ಮಾತು ಬಲಗಡೆ ಹಿಂಜೇಬಿನ ಫೋನಿಗೆ ತಲುಪಬೇಕಾದರೆ ಹೊಟ್ಟೆಯನ್ನು ಸುತ್ತಿಕೊಂಡು ಹೋಗಬೇಕು; ಹೋಗುವಷ್ಟರಲ್ಲಿ ನೂರರಲ್ಲೊಂದು ಪಾಲೂ ಉಳಿಯದಿರಬಹುದು. ಎದುರಿಗೆ ಬರುವವನ ಗಡಿಯಾರಕ್ಕಾದರೆ ಆ ಅಡ್ಡಿಯಿಲ್ಲ, ಬಯಲಲ್ಲಿ ನೇರವಾಗಿ ಬರುತ್ತದೆ. ಹೀಗೆ ಸ್ವಂತ ಕೈಯ ಮಾತಿಗಿಂತ ಪರರ ಕೈಯ ಮಾತು ಜೋರಾಗಿ ಕೇಳಿಸುವುದುಂಟು.

"ಇದಕ್ಕೇನು ಪರಿಹಾರ ಮಾಡಿದಾರೆ ನಿಮ್ಮವರು?" ಅಂತ ಮೇಷ್ಟ್ರು ಕೇಳುವ ಹೊತ್ತಿಗೆ ಸರಿಯಾಗಿ ನಮ್ಮ ಬೀದಿಗೆ ಒಂದು ತರಕಾರಿ ಗಾಡಿ ಬಂತು. ಮೈಕಿನಲ್ಲಿ ರೆಕಾರ್ಡ್ ಮಾಡಿದ ದನಿ: ಟೊಮ್ಯಾಟೊ, ಬೀನ್ಸು, ಹೀರೇಕಾಯಿ. ಆ ಕಡೆ ತಿರುವಿನಿಂದ ಇನ್ನೊಂದು ಗಾಡಿ, ಅದರದೂ ಮೈಕು. ಎರಡೂ ಎದುರುಬದುರಾದಾಗ ಒಂದರ ಹೀರೇಕಾಯಿಗೆ ಇನ್ನೊಂದರ ದರ ಅಂಟಿಕೊಂಡು ಯಾವುದೂ ತಿಳಿಯದಂತಾಯಿತು. ನಾನು ಮೇಷ್ಟ್ರಿಗೆ ಕೈತೋರಿಸಿ ಹೇಳಿದೆ: ಇವರಿಬ್ಬರೂ ಏನೇನು ಮಾಡಬಹುದೋ ನಮ್ಮವರೂ ಅಷ್ಟೇ ಮಾಡಿದ್ದಾರೆ. ಒಬ್ಬ ಬೇರೆ ಬೀದಿ ಹಿಡಿಯಬಹುದು, ಅದು ಚಾನೆಲ್ ಬದಲಾವಣೆ. ಒಬ್ಬ ಏಳಕ್ಕೆ, ಇನ್ನೊಬ್ಬ ಎಂಟಕ್ಕೆ ಬರಬಹುದು, ಅದು ಸಮಯದ ಹಂಚಿಕೆ. ಇಬ್ಬರೂ ವಾಲ್ಯೂಮು ಇಳಿಸಿಕೊಳ್ಳಬಹುದು, ಅದು ಶಕ್ತಿಯ ನಿಯಂತ್ರಣ.

ಬೀದಿ ಬದಲಾಯಿಸುವ ಉಪಾಯ ಬ್ಲೂಟೂತಿನದು. ಹಳೆಯ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತಿತ್ತು. ಈ ಜಿಗಿತದ ವಿಚಾರ ಬಂದಾಗಲೆಲ್ಲ ಹೆಡಿ ಲಮಾರ್ ಎಂಬ ಸಿನಿಮಾ ನಟಿ 1942ರಲ್ಲಿ ಪಡೆದ ಪೇಟೆಂಟಿನ ಕತೆ ಹೇಳುವುದು ರೂಢಿ. ಸಂಗೀತಗಾರ ಜಾರ್ಜ್ ಆಂಥೀಲ್ ಜೊತೆ ಸೇರಿ ಟಾರ್ಪೆಡೋಗಳಿಗೆ 88 ಫ್ರೀಕ್ವೆನ್ಸಿಗಳ ಉಪಾಯ ಮಾಡಿದ್ದು ನಿಜ, ಪಿಯಾನೋದ ಮನೆಗಳೂ 88. ಆದರೆ ಆಕೆಯೇ ಬ್ಲೂಟೂತ್ ಕಂಡುಹಿಡಿದಳು ಅನ್ನುವುದು ವಾಟ್ಸಾಪಿನ ಉದಾರತೆ. 2003ರಲ್ಲಿ ಬಂದ ಬುದ್ಧಿವಂತಿಕೆ ನನಗೆ ಅದಕ್ಕಿಂತ ಮೆಚ್ಚುಗೆ: ಕಣ್ಣುಮುಚ್ಚಿ ಜಿಗಿಯುವುದನ್ನು ಬಿಟ್ಟು, ಎಲ್ಲಿ ಪದೇ ಪದೇ ಏಟು ಬೀಳುತ್ತದೋ ಆ ಚಾನೆಲ್‌ಗಳನ್ನು ಪಟ್ಟಿಯಿಂದ ಹೊಡೆದುಹಾಕಿ ಉಳಿದವುಗಳಲ್ಲಿ ಜಿಗಿಯುವುದು. 2010ರಲ್ಲಿ ಬಂದ ಕಡಿಮೆ ವಿದ್ಯುತ್ತಿನ ಬ್ಲೂಟೂತ್, ಅಂದರೆ ಈಗ ನಮ್ಮೆಲ್ಲರ ಗಡಿಯಾರದಲ್ಲಿರುವುದು, 40 ಚಾನೆಲ್ ಬಳಸುತ್ತದೆ. ಅದರಲ್ಲಿ ಮೂರು, ನಾನಿಲ್ಲಿದ್ದೇನೆ ಎಂದು ಸಾರುವುದಕ್ಕೆ. ಆ ಮೂರನ್ನು 2402, 2426, 2480ರಲ್ಲಿ ಇಟ್ಟದ್ದು ಯಾಕೆ ಗೊತ್ತೇ? ವೈಫೈ ಹೆಚ್ಚಾಗಿ ಕೂರುವ 1, 6, 11ನೇ ಚಾನೆಲ್‌ಗಳ ಸಂದಿ ಮತ್ತು ಅಂಚುಗಳಲ್ಲಿ ಅವು ನುಸುಳಿಕೊಳ್ಳುವಂತೆ. ದೊಡ್ಡವರ ಮಧ್ಯೆ ಬದುಕುವ ಸಣ್ಣವರ ಜಾಣತನ.

ಇನ್ನು ಸಮಯದ ಹಂಚಿಕೆ. ಮೇಷ್ಟ್ರ ಮುಖ ಅರಳಿದ್ದು ಇಲ್ಲಿ, ಲೆಕ್ಕ ಬಂತಲ್ಲ.

ಕೆನಡಾದ ಡೈನಾಸ್ಟ್ರೀಮ್ ಎಂಬ ಕಂಪನಿ ಮಾಡಿದ ಆಂಟ್ ಪ್ಲಸ್ ಎನ್ನುವ ಪದ್ಧತಿ ಸೈಕಲ್ ಸವಾರರಲ್ಲಿ ಬಹಳ ಬಳಕೆ. 2006ರಲ್ಲಿ ಅದನ್ನು ಗಾರ್ಮಿನ್ ಕೊಂಡುಕೊಂಡಿತು. ಅದು ಜಿಗಿಯುವುದಿಲ್ಲ, 2457 ಮೆಗಾಹರ್ಟ್ಸ್ ಒಂದರಲ್ಲೇ ಕೂರುತ್ತದೆ. ಎದೆಪಟ್ಟಿ ಸೆಕೆಂಡಿಗೆ ನಾಲ್ಕು ಸಲ, ಪ್ರತಿ ಸಲ 150 ಮೈಕ್ರೋಸೆಕೆಂಡಿನಷ್ಟು ಮಾತಾಡಿ ಬಾಯಿ ಮುಚ್ಚುತ್ತದೆ. ಸೆಕೆಂಡಿನಲ್ಲಿ 600 ಮೈಕ್ರೋಸೆಕೆಂಡು ಮಾತು, ಉಳಿದ 9,99,400 ಮೌನ. ನೂರಾರು ಪಟ್ಟಿಗಳು ಒಂದೇ ಜಾಗದಲ್ಲಿ ಇರಲು ಸಾಲುವಷ್ಟು ಜಾಗ.

"ಆದರೆ ಇಬ್ಬರ ಸರದಿಯೂ ದುರದೃಷ್ಟಕ್ಕೆ ಒಂದೇ ಗಳಿಗೆಗೆ ಬಿದ್ದರೆ?" ಅಂದರು ಮೇಷ್ಟ್ರು. "ಇಬ್ಬರೂ ಕಾಲು ಸೆಕೆಂಡಿಗೊಮ್ಮೆ ಅಂದ್ರೆ, ಒಂದ್ಸಲ ಡಿಕ್ಕಿ ಹೊಡೆದೋರು ಪ್ರತಿ ಸಲಾನೂ ಹೊಡೀಬೇಕಲ್ರೀ!"

ಹೊಡೆಯಬೇಕು, ಎರಡೂ ಗಡಿಯಾರ ಕರಾರುವಾಕ್ಕಾಗಿದ್ದರೆ. ನಮ್ಮ ಪುಣ್ಯಕ್ಕೆ ಅವು ಅಗ್ಗದ ಸ್ಫಟಿಕಗಳು. ಒಂದಕ್ಕೂ ಇನ್ನೊಂದಕ್ಕೂ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಇರುವುದು ಸಾಮಾನ್ಯ, ಅಂದರೆ ಸೆಕೆಂಡಿಗೆ 20 ಮೈಕ್ರೋಸೆಕೆಂಡು ಜಾರುತ್ತವೆ. ಮೇಷ್ಟ್ರು ಗೋಡೆಯ ಮೇಲೆ ಬೆರಳಲ್ಲಿ ಬರೆದೇಬಿಟ್ಟರು: 150 ಭಾಗಿಸು 20, ಏಳೂವರೆ ಸೆಕೆಂಡಿನಲ್ಲಿ ಬಿಡುಗಡೆ. ವ್ಯತ್ಯಾಸ ಎರಡೇ ಇದ್ದಿದ್ದರೆ 75 ಸೆಕೆಂಡು. ಹಾಗಾದರೆ ಗಡಿಯಾರ ಒಳ್ಳೆಯದಾದಷ್ಟೂ ಜಗಳ ದೀರ್ಘ! ಜೀವಮಾನವಿಡೀ ಹುಡುಗರಿಗೆ ನಿಖರತೆ ಬೋಧಿಸಿದ ಮೇಷ್ಟ್ರಿಗೆ ಇದು ಜೀರ್ಣವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬ್ಲೂಟೂತಿನವರು ಸ್ಫಟಿಕದ ದೋಷವನ್ನೇ ನಂಬಿ ಕೂರಲಿಲ್ಲ. ಸಾರುವ ಪ್ಯಾಕೆಟ್ಟಿಗೆ ಪ್ರತಿ ಸಲವೂ ಸೊನ್ನೆಯಿಂದ ಹತ್ತು ಮಿಲಿಸೆಕೆಂಡಿನವರೆಗೆ ಬೇಕೆಂದೇ ಮನಸ್ಸಿಗೆ ಬಂದಷ್ಟು ತಡಮಾಡಬೇಕೆಂದು ನಿಯಮವನ್ನೇ ಬರೆದರು.

ಮೂರನೆಯದು ವಾಲ್ಯೂಮು. ಇದು ಕೇಳಲು ಸುಲಭ, ಮಾಡಲು ಕಷ್ಟ. ನನ್ನ ಪ್ಯಾಕೆಟ್ಟು ಕಳೆದುಹೋಯಿತು ಅಂತ ನಾನು ದನಿ ಏರಿಸಿದರೆ ನಿನ್ನದು ಕಳೆದುಹೋಗುತ್ತದೆ, ನೀನೂ ಏರಿಸುತ್ತೀ, ಕೊನೆಗೆ ಇಬ್ಬರೂ ಗರಿಷ್ಠಕ್ಕೆ ಹೋಗಿ ಮೊದಲಿದ್ದ ಸ್ಥಿತಿಯಲ್ಲೇ ಇರುತ್ತೇವೆ, ಬ್ಯಾಟರಿ ಮಾತ್ರ ಖಾಲಿ. ಸಂಶೋಧಕರು ಇದಕ್ಕೆ ಗೇಮ್ ಥಿಯರಿ ಹಚ್ಚಿದ್ದಾರೆ. ಪ್ರತಿ ಆಟಗಾರನಿಗೂ ಶಕ್ತಿ ಏರಿಸಿದ್ದಕ್ಕೆ ಒಂದು ದಂಡ ಕಟ್ಟಿ, ಎಲ್ಲರೂ ತಂತಮ್ಮ ಲಾಭವನ್ನೇ ನೋಡಿಕೊಂಡರೂ ಒಟ್ಟು ಗದ್ದಲ ಇಳಿಯುವಂತೆ ಸೂತ್ರ ಹೊಸೆಯುತ್ತಾರೆ. ಇನ್ನು ಕೆಲವರು ಗ್ರಾಫಿಗೆ ಬಣ್ಣ ಹಚ್ಚುತ್ತಾರೆ: ಒಬ್ಬೊಬ್ಬ ಮನುಷ್ಯ ಒಂದು ಚುಕ್ಕೆ, ಹತ್ತಿರ ಇರುವವರ ನಡುವೆ ಗೆರೆ, ಗೆರೆಯ ಎರಡೂ ತುದಿಗೆ ಒಂದೇ ಬಣ್ಣ ಬರಕೂಡದು, ಬಣ್ಣವೆಂದರೆ ಮಾತಾಡುವ ಸರದಿ. ಪ್ರಬಂಧಗಳಲ್ಲಿ ಬಲು ಚಂದ. ಆದರೆ ಚುಕ್ಕೆಗಳು ಎದ್ದು ನಡೆಯುತ್ತವೆ.

ಇದನ್ನೂ ಲೆಕ್ಕ ಹಾಕಿದೆವು. ಕೆರೆ ಏರಿಯ ಮೇಲೆ ಮೇಷ್ಟ್ರು ಪಶ್ಚಿಮಕ್ಕೆ, ನಾನು ಪೂರ್ವಕ್ಕೆ, ಇಬ್ಬರೂ ಗಂಟೆಗೆ ಐದು ಕಿಲೋಮೀಟರು. ಇಬ್ಬರೂ ಸೇರಿ ಸೆಕೆಂಡಿಗೆ 2.8 ಮೀಟರು. ಗಡಿಯಾರಗಳ ದನಿ ಹತ್ತು ಮೀಟರು ಮುಟ್ಟುತ್ತದೆ ಅಂದುಕೊಂಡರೆ, ಎದುರಾಗುವ ಮುಂಚಿನ ಹತ್ತು, ಆಮೇಲಿನ ಹತ್ತು, ಒಟ್ಟು ಇಪ್ಪತ್ತು ಮೀಟರಿಗೆ ಹಿಡಿಯುವುದು ಏಳು ಸೆಕೆಂಡು. ಅಷ್ಟರೊಳಗೆ ನಮ್ಮಿಬ್ಬರ ಫೋನುಗಳು ಪರಿಚಯ ಮಾಡಿಕೊಂಡು, ಸರದಿ ಮಾತಾಡಿ, ಒಪ್ಪಂದಕ್ಕೆ ಬರುವ ಹೊತ್ತಿಗೆ ಮೇಷ್ಟ್ರು ಆಚೆ ದಾಟಿರುತ್ತಾರೆ. ಏಳು ಸೆಕೆಂಡಿನ ನೆರೆಗೆ ಒಪ್ಪಂದ ದಂಡ. ಸುಮ್ಮನೆ ಜಿಗಿದು, ಒಂದೆರಡು ಪ್ಯಾಕೆಟ್ ಕಳೆದುಕೊಂಡು ಮುಂದೆ ಹೋಗುವುದೇ ಲಾಭ. ದಿನಾ ಜೊತೆಯಾಗಿ ಒಂದು ಗಂಟೆ ನಡೆಯುವ ಗಂಡಹೆಂಡಿರಿಗೆ ಒಪ್ಪಂದ ಫಲಿಸುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ಹಾಸಿಗೆ ಪಕ್ಕ ಹಾಸಿಗೆ ದಿನಗಟ್ಟಲೆ ಮಲಗುವವರಿಗಂತೂ ಒಪ್ಪಂದ ಬೇಕೇ ಬೇಕು. ನನ್ನನ್ನು ಕೇಳಿದರೆ, ಇವರಿಬ್ಬರೂ ಎಷ್ಟು ಹೊತ್ತಿನ ನೆರೆಹೊರೆ ಎಂದು ಮೊದಲು ನೋಡದೆ ಮದ್ದು ಹುಡುಕುವ ಸಂಶೋಧನೆಯೆಲ್ಲ ಅರ್ಧ ವ್ಯರ್ಥ.

2012ರಲ್ಲಿ ಐಇಇಇ ಸಂಸ್ಥೆಯವರು ಮೈಮೇಲಿನ ಜಾಲಗಳಿಗೆಂದೇ 802.15.6 ಎಂಬ ನಿಯಮಾವಳಿ ತಂದರು. ಆರು ಮೀಟರು ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಹತ್ತು ಜನರ ಜಾಲ ಒಟ್ಟಿಗೆ ಕೆಲಸಮಾಡಬೇಕು ಎಂಬುದು ಅವರು ಹಾಕಿಕೊಂಡ ಗುರಿ. ಮೂರು ಉಪಾಯಗಳನ್ನು ಕೊಟ್ಟರು. ಯಜಮಾನ ತನ್ನ ಕರೆಯನ್ನು ಪ್ರತಿ ಸುತ್ತಿನಲ್ಲೂ ಹಿಂದೆಮುಂದೆ ಸರಿಸುತ್ತ ಹೋಗುವುದು, ಚಾನೆಲ್ ಜಿಗಿಯುವುದು, ಇಬ್ಬರು ಯಜಮಾನರು ಮಾತಾಡಿಕೊಂಡು ತಮ್ಮ ಸರದಿಗಳನ್ನು ಜಡೆಯಂತೆ ಹೆಣೆದುಕೊಳ್ಳುವುದು. ಮಾತಿಗೆ ಸೊನ್ನೆಯಿಂದ ಏಳರವರೆಗೆ ಎಂಟು ದರ್ಜೆಯ ಆದ್ಯತೆಯನ್ನೂ ಇಟ್ಟರು. ಏಳನೆಯದು ತುರ್ತುಪರಿಸ್ಥಿತಿಗೆ, ಪ್ರಾಣ ಹೋಗುವ ಸುದ್ದಿಗೆ. ಓದಿದರೆ ಕೈಮುಗಿಯಬೇಕು ಅನ್ನಿಸುತ್ತದೆ. ಆದರೆ ಅಂಗಡಿಗೆ ಹೋಗಿ ಕೇಳಿದರೆ ಆ ಸಾಮಾನು ಸಿಗುವುದಿಲ್ಲ. ಎಲ್ಲರ ಜೇಬಿನಲ್ಲೂ ಇರುವ ಫೋನಿಗೆ ಬರುವ ಭಾಷೆ ಬ್ಲೂಟೂತ್. ಎಷ್ಟೇ ಪಂಡಿತನಾದರೂ ಯಜಮಾನನಿಗೆ ತಿಳಿಯದ ಭಾಷೆಯಲ್ಲಿ ಅರ್ಜಿ ಬರೆದ ಗುಮಾಸ್ತನಿಗೆ ಕೆಲಸ ಸಿಕ್ಕೀತೇ?

ಆಸ್ಪತ್ರೆಯ ಮಾತು ಬಂದಿತಲ್ಲ, ಅಲ್ಲಿ ಪಂಚಾಯ್ತಿ ನಡೆದ ಒಂದು ಪ್ರಸಂಗ ಇದೆ. 1998ರ ಫೆಬ್ರವರಿಯಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಡಬ್ಲ್ಯುಎಫ್‌ಎಎ ಎಂಬ ಟಿವಿ ಕೇಂದ್ರ ಡಿಜಿಟಲ್ ಪ್ರಸಾರದ ಪರೀಕ್ಷೆ ಶುರುಮಾಡಿತು. ಅತ್ತ ಬೇಲರ್ ವೈದ್ಯಕೀಯ ಕೇಂದ್ರದಲ್ಲಿ ರೋಗಿಗಳ ಎದೆಬಡಿತ ಕಳಿಸುತ್ತಿದ್ದ ತಂತಿರಹಿತ ಮಾನಿಟರುಗಳು ಮೂಕವಾದವು. ಅವು ಅಲ್ಲಿಯವರೆಗೆ ಖಾಲಿಯಿದ್ದ ಒಂಬತ್ತನೇ ಟಿವಿ ಚಾನೆಲ್‌ನಲ್ಲಿ ಬಾಡಿಗೆಯಿಲ್ಲದೆ ಕೂತಿದ್ದವು, ಮನೆಯ ಒಡೆಯ ಬಂದುಬಿಟ್ಟ. ಕಾನೂನಿನ ಪ್ರಕಾರ ತಪ್ಪು ಯಾರದೂ ಅಲ್ಲ. ಇದಾದ ಮೇಲೆ 2000ದಲ್ಲಿ ಅಲ್ಲಿನ ಸರ್ಕಾರ ಆಸ್ಪತ್ರೆಗಳಿಗೆಂದೇ ತರಂಗಾಂತರ ಬಿಟ್ಟುಕೊಟ್ಟಿತು. ಅದರಲ್ಲೊಂದು 608ರಿಂದ 614 ಮೆಗಾಹರ್ಟ್ಸ್. ಅಲ್ಲಿ ಮೊದಲೇ ಇದ್ದವರು ಯಾರು ಗೊತ್ತೇ, ನಕ್ಷತ್ರಗಳ ಪಿಸುಮಾತು ಕೇಳುವ ಖಗೋಳ ದೂರದರ್ಶಕಗಳು. ಸದ್ದಿಲ್ಲದ ನೆರೆಯವರನ್ನು ಹುಡುಕಿಕೊಂಡದ್ದು ಜಾಣತನವೇ. 2012ರಲ್ಲಿ ಮೈಮೇಲಿನ ವೈದ್ಯಕೀಯ ಸೆನ್ಸರುಗಳಿಗೆ 2360ರಿಂದ 2400ರವರೆಗೂ ಜಾಗ ಕೊಟ್ಟರು, ಅದರಲ್ಲಿ 2390ರವರೆಗಿನ ಭಾಗ ಆಸ್ಪತ್ರೆಯ ಒಳಗೆ ಮಾತ್ರ. ಗೋಮಾಳದ ಬೇಲಿಯ ಪಕ್ಕದಲ್ಲೇ ಒಂದು ಕಾಯ್ದಿಟ್ಟ ಹಿತ್ತಿಲು. ಎದೆಯೊಳಗೆ ಕೂರಿಸುವ ಪೇಸ್‌ಮೇಕರ್‌ನಂಥವುಗಳಿಗೆ 402ರಿಂದ 405 ಮೆಗಾಹರ್ಟ್ಸ್ ಪ್ರತ್ಯೇಕವಾಗಿದೆ, ನಮ್ಮ ದೇಶದಲ್ಲೂ; ಅಲ್ಲಿ ದನಿಯ ಮಿತಿ 25 ಮೈಕ್ರೋವಾಟ್.

ಹೆಜ್ಜೆ ಎಣಿಸುವ ಗಡಿಯಾರ ಗೋಮಾಳದಲ್ಲಿ ಮೇಯಲಿ, ಅದರ ಪ್ಯಾಕೆಟ್ಟು ಕಳೆದರೆ ಯಾರ ಗಂಟೂ ಹೋಗುವುದಿಲ್ಲ. ಪ್ರಾಣದ ಸುದ್ದಿ ಒಯ್ಯುವುದಕ್ಕೆ ಪ್ರತ್ಯೇಕ ಜಾಗವೇ ಬೇಕು ಎಂಬುದು ನನ್ನ ಪಕ್ಷ. ಮೇಷ್ಟ್ರು ಒಪ್ಪಲಿಲ್ಲ. "ಇರೋ ಜಾಗಾನೆಲ್ಲ ಒಬ್ಬೊಬ್ರಿಗೆ ಬೇಲಿ ಹಾಕಿಕೊಡ್ತಾ ಹೋದ್ರೆ ಆಮೇಲೆ ಬಂದೋರು ಎಲ್ಲಿ ಹೋಗ್ಬೇಕು?" ಅಂದರು. ನಾವಿಬ್ಬರೂ ಮಾತಾಡುತ್ತಿದ್ದದ್ದು ಗೋಡೆಯ ಎರಡು ಬದಿಯಲ್ಲಿ ನಿಂತು ಎಂಬುದು ಅವರಿಗೆ ಹೊಳೆದಂತಿರಲಿಲ್ಲ.

ಗಾಳಿಗೇ ಬಿಡದೆ ಮಾತಾಡುವ ದಾರಿಯೂ ಒಂದಿದೆ. 1996ರಲ್ಲಿ ಐಬಿಎಂನ ಥಾಮಸ್ ಜಿಮ್ಮರ್‌ಮನ್, ಆಂಪಿಯರಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು ವಿದ್ಯುತ್ತನ್ನು ಮೈಯ ಮೂಲಕವೇ ಹರಿಸಿ, ಕೈಕುಲುಕಿದರೆ ಒಬ್ಬರ ವಿಸಿಟಿಂಗ್ ಕಾರ್ಡು ಇನ್ನೊಬ್ಬರಿಗೆ ಹೋಗುವಂತೆ ಮಾಡಿ ತೋರಿಸಿದರು. ಮೇಷ್ಟ್ರು ಗೋಡೆ ಕುಟ್ಟಿದರು: "ನೋಡಿದ್ರಾ, ಅದಕ್ಕೇ ನಮ್ಮ ಹಿರಿಯರು ಕೈಮುಗೀತಿದ್ದದ್ದು!" ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎಂಬ ಮಾತಿಗೆ ನಾನು ತಲೆಯಾಡಿಸುವವನಲ್ಲ. ಆದರೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಭಾರತ ಮೂಲದ ಶ್ರೇಯಸ್ ಸೇನ್ ಅವರ ತಂಡ 2019ರಲ್ಲಿ ತೋರಿಸಿದ್ದು ಇದೇ ದಾರಿಯ ಮುಂದುವರಿಕೆ: ಫ್ರೀಕ್ವೆನ್ಸಿ ತಗ್ಗಿಸಿದರೆ ಸಂಕೇತ ತರಂಗವಾಗಿ ಹಾರದೆ ಮೈಗೇ ಅಂಟಿಕೊಂಡಿರುತ್ತದೆ, ಚರ್ಮದಿಂದ ಒಂದು ಗೇಣು ಆಚೆಗೆ ಹಿಡಿಯಲು ಸಿಗುವುದಿಲ್ಲ. ಅಲ್ಲಿಗೆ ಪಕ್ಕದವನಿಗೆ ಅಡ್ಡಿಯೂ ಇಲ್ಲ, ಕದ್ದು ಕೇಳುವವನಿಗೆ ದಾರಿಯೂ ಇಲ್ಲ. ಸಿಟಿ ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಾಗ ಏನಾಗುತ್ತದೆ ಎಂಬ ಪ್ರಶ್ನೆ ಮಾತ್ರ ಉಳಿದಿದೆ. ಮೈಗೆ ಮೈ ತಾಗಿದರೆ ಎರಡು ಜಾಲವೂ ಒಂದೇ ತಂತಿಯಾದಂತೆ.

ಇಷ್ಟೆಲ್ಲ ಉಪಾಯಗಳಿಗಿಂತ ಅಗ್ಗದ್ದು ಮಾತು ಕಡಿಮೆ ಮಾಡುವುದು. ಎದೆಯ ಇಸಿಜಿಯನ್ನು ಇದ್ದಹಾಗೆ ಕಳಿಸಬೇಕಾದರೆ ಸೆಕೆಂಡಿಗೆ 250 ಅಳತೆ, ಅಳತೆಗೆ 16 ಬಿಟ್, ಒಟ್ಟು 4000 ಬಿಟ್. ಬಡಿತವನ್ನು ಪಟ್ಟಿಯೊಳಗೇ ಎಣಿಸಿ ಸೆಕೆಂಡಿಗೊಂದು ಸಂಖ್ಯೆ ಕಳಿಸಿದರೆ 8 ಬಿಟ್. ಐನೂರರಲ್ಲೊಂದು ಪಾಲು ಗದ್ದಲ. ಮೊಂಟಾನಾದ ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಯಲ್ಲಿ ಸುಮಾರು 38 ಕಿಲೋ ತೂಕದ ರೇಡಿಯೋವನ್ನು ಬೆನ್ನಿಗೆ ಹೊತ್ತು ಎದೆಬಡಿತ ಪ್ರಸಾರ ಮಾಡಿದಾಗ ಎಣಿಸುವ ಚಿಪ್ ಇರಲಿಲ್ಲ, ಎಲ್ಲವನ್ನೂ ಗಾಳಿಗೆ ಬಿಡಬೇಕಿತ್ತು. ಈಗ ಎಣಿಸುವ ಬುದ್ಧಿ ಉಗುರಿನಷ್ಟು ಚಿಪ್ಪಿನಲ್ಲಿದೆ. ಡಾಕ್ಟರಿಗೆ ಅಲೆಯ ಚಿತ್ರ ಬೇಕಾದಾಗ ಕಳಿಸಲಿ, ಬೇಡ ಅನ್ನುವವರಾರು? ಆದರೂ ಆ್ಯಪಿನಲ್ಲಿ ಬಣ್ಣದ ಅಲೆ ಕುಣಿಸುವುದಕ್ಕಾಗಿಯೇ ಎಲ್ಲವನ್ನೂ ಒದರುವ ಯಂತ್ರಗಳು ಬರುತ್ತಲೇ ಇವೆ. ಮಾಡುವವರದು ಎಷ್ಟು ತಪ್ಪೋ ಆ ಕುಣಿತಕ್ಕೆ ಮರುಳಾಗಿ ಕೊಳ್ಳುವವರದೂ ಅಷ್ಟೇ.

ಮೇಷ್ಟ್ರ ಮನೆಯವರು ಅಷ್ಟರಲ್ಲಿ ಹೊರಗೆ ಬಂದರು. ಅವರ ತೋಳಿನ ಮೇಲೂ ಸಕ್ಕರೆಯ ಬಿಲ್ಲೆ ಇದೆ. "ಇದು ರಾತ್ರಿ ಹೊತ್ತು ಸಿಗ್ನಲ್ ಇಲ್ಲ ಸಿಗ್ನಲ್ ಇಲ್ಲ ಅಂತ ಬಡ್ಕೊಳ್ಳತ್ತಲ್ಲ, ಪಕ್ಕದಲ್ಲಿ ಮಲಗಿರೋ ಇವರ ಗಡಿಯಾರದ ಕಾಟಾನಾ?" ಅಂದರು.

ಬಹುಮಟ್ಟಿಗೆ ಅಲ್ಲ. ಬಿಲ್ಲೆಯಿರುವ ತೋಳನ್ನೇ ಅಡಿಗೆ ಹಾಕಿಕೊಂಡು ಮಲಗಿ, ಫೋನನ್ನು ಹಾಸಿಗೆಯ ಆ ಬದಿಯಲ್ಲಿಟ್ಟರೆ ನಡುವೆ ಅಡ್ಡ ಬರುವುದು ಪರರ ಗಡಿಯಾರವಲ್ಲ, ನಮ್ಮದೇ ಮೈ. ಬಿಲ್ಲೆ ಹಾಕಿಕೊಂಡವರು ಫೋನನ್ನು ಅದೇ ಬದಿಯಲ್ಲಿ, ಹಾಸಿಗೆಯ ಮಟ್ಟಕ್ಕಿಂತ ಮೇಲೆ, ವೈಫೈ ಡಬ್ಬಿಯಿಂದ ದೂರದಲ್ಲಿಡಿ. ಇಷ್ಟಾದರೂ ಸಿಗ್ನಲ್ ಬರದಿದ್ದರೆ ಸಕ್ಕರೆ ಸರಿಯಿದೆ ಎಂದು ಅಂದುಕೊಳ್ಳಬೇಡಿ. ಮೈ ಬೆವರಿ ನಡುಕ ಬಂದರೆ ಫೋನು ನೋಡುತ್ತ ಕೂರದೆ ಬೆರಳು ಚುಚ್ಚಿ ನೋಡಿಕೊಳ್ಳಿ.